ದಿನಕ್ಕೆ ಹತ್ತು ನಿಮಿಷದ ಎರಡನೇ ಭಾಷೆ

ಮೊದಲು ಒಂದು ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನ, 800 ಬೋಧನಾ ಗಂಟೆ ಸಿಗಬೇಕು. ದಿನಕ್ಕೊಂದು ಇಂಗ್ಲಿಷ್ ಪಿರಿಯಡ್, ಅದೂ 40 ನಿಮಿಷದ್ದು ಅಂತ ಇಟ್ಟುಕೊಂಡರೆ ವರ್ಷಕ್ಕೆ 133 ಗಂಟೆ. ಅದರಲ್ಲಿ ಹಾಜರಿ, ಹೋಂವರ್ಕ್ ತಿದ್ದುವುದು, ಬೋರ್ಡಿನ ಮೇಲಿದ್ದದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು, ಗಲಾಟೆ ಅಡಗಿಸುವುದು ಎಲ್ಲ ಕಳೆದರೆ ಮಗುವಿನ ಕಿವಿಗೆ ಅರ್ಥವಾಗುವ ಇಂಗ್ಲಿಷ್ ಬೀಳುವುದು ದಿನಕ್ಕೆ ಹತ್ತು ನಿಮಿಷವಿದ್ದರೆ ಪುಣ್ಯ. ಅಂದರೆ ವರ್ಷಕ್ಕೆ 33 ಗಂಟೆ, ಐದು ವರ್ಷ ಸೇರಿ 165ರ ಆಸುಪಾಸು. ಅದೇ ಮಗು ಒಂದನೇ ತರಗತಿಗೆ ಕಾಲಿಡುವ ಹೊತ್ತಿಗೆ ಮನೆಮಾತನ್ನು ದಿನಕ್ಕೆ ನಾಲ್ಕೇ ಗಂಟೆ ಕೇಳಿದೆ ಅಂತ ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ಐದು ವರ್ಷಕ್ಕೆ 7,300 ಗಂಟೆ ಆಗುತ್ತದೆ.

ಎರಡನೇ ಭಾಷೆಯ ಬಗ್ಗೆ ಕರ್ನಾಟಕದಲ್ಲಿ ನಾಲ್ಕು ದಶಕಗಳಿಂದ ನಡೆದಿರುವ ವಾದಗಳಲ್ಲಿ ಈ ಲೆಕ್ಕ ಬರುವುದೇ ಅಪರೂಪ. 1981ರ ಗೋಕಾಕ್ ವರದಿ ಪ್ರಥಮ ಭಾಷೆಯ ಸ್ಥಾನ ಯಾರಿಗೆ ಎಂಬ ಪ್ರಶ್ನೆಯನ್ನು ಬೀದಿಗೆ ತಂದಿತು. 1994ರ ಸರ್ಕಾರಿ ಆದೇಶ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದಿತು. ಅದು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ನಡುವೆ 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಡ್ಡಾಯ ಮಾಡಿತು. 2019-20ರಲ್ಲಿ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. 2025ರಲ್ಲಿ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ದ್ವಿಭಾಷಾ ಸೂತ್ರ ಸಾಕು ಎಂದು ಶಿಫಾರಸು ಮಾಡಿದ ಮೇಲೆ ಚರ್ಚೆ ಮತ್ತೆ ಕಾವೇರಿದೆ. ಯಾವ ಭಾಷೆ, ಯಾವ ತರಗತಿಯಿಂದ ಎಂಬುದೇ ಪ್ರತಿ ಸಲದ ಜಗಳ. ಆ ಹತ್ತು ನಿಮಿಷವನ್ನು ಇಪ್ಪತ್ತೈದು ಮಾಡುವುದು ಹೇಗೆ ಎಂದು ಯಾರೂ ಧರಣಿ ಕೂತದ್ದಿಲ್ಲ.

ಬೇಗ ಶುರು ಮಾಡಿದರೆ ಬೇಗ ಬರುತ್ತದೆಯೇ?

“ಚಿಕ್ಕ ಮಕ್ಕಳು ಭಾಷೆಯನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತಾರೆ” ಎಂಬ ಮಾತು ಪೋಷಕರ ಸಭೆಯಿಂದ ಸಚಿವ ಸಂಪುಟದವರೆಗೆ ಓಡಾಡುತ್ತದೆ. ಅದು ಅರ್ಧ ನಿಜ. ಸ್ಪಂಜು ಹೀರಬೇಕಾದರೆ ಬಕೆಟ್ಟಿನಲ್ಲಿ ನೀರಿರಬೇಕು. ಹುಬ್ಬಳ್ಳಿಯಿಂದ ಕೊಯಮತ್ತೂರಿಗೆ ವರ್ಗವಾದವರ ಮಗು ಆರು ತಿಂಗಳಲ್ಲಿ ತಮಿಳು ಮಾತಾಡುತ್ತದೆ ಎಂದರೆ ಬೀದಿ, ಆಟದ ಬಯಲು, ಅಂಗಡಿ ಎಲ್ಲ ಕಡೆ ತಮಿಳಿದೆ. ಶಾಲೆಯ ನಾಲ್ಕು ಗೋಡೆಯೊಳಗೆ ಮಾತ್ರ ಸಿಗುವ ಭಾಷೆಯ ಕಥೆ ಬೇರೆ.

ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಮತ್ತು ಜೊತೆಗಾರರು ಎಂಟನೇ ವಯಸ್ಸಿನಲ್ಲಿ ಇಂಗ್ಲಿಷ್ ಶುರು ಮಾಡಿದ ಮಕ್ಕಳನ್ನೂ ಹನ್ನೊಂದರಲ್ಲಿ ಶುರು ಮಾಡಿದವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದರು. ಅಷ್ಟೇ ಗಂಟೆಗಳ ಪಾಠ ಸಿಕ್ಕಾಗ ತಡವಾಗಿ ಶುರು ಮಾಡಿದವರೇ ಹೆಚ್ಚಿನ ಪರೀಕ್ಷೆಗಳಲ್ಲಿ ಮುಂದಿದ್ದರು. ದೊಡ್ಡ ಮಗುವಿಗೆ ಓದಲು ಬರುತ್ತದೆ, ನೆನಪಿಟ್ಟುಕೊಳ್ಳುವ ಉಪಾಯ ಗೊತ್ತಿರುತ್ತದೆ, ನಿಯಮವನ್ನು ಊಹಿಸಬಲ್ಲದು. ನೆದರ್ಲೆಂಡ್ಸಿಗೆ ಹೋಗಿ ಡಚ್ ಕಲಿತ ಇಂಗ್ಲಿಷ್ ಕುಟುಂಬಗಳ ಮೇಲೆ 1970ರ ದಶಕದಲ್ಲಿ ನಡೆದ ಅಧ್ಯಯನದಲ್ಲೂ ವೇಗವಾಗಿ ಕಲಿತವರು ಹನ್ನೆರಡರಿಂದ ಹದಿನೈದರ ಹುಡುಗರು. ಮೂರರಿಂದ ಐದರ ಪುಟಾಣಿಗಳು ಹಿಂದೆ ಬಿದ್ದಿದ್ದರು. ಬೇಗ ಶುರು ಮಾಡಿ ಗೆದ್ದ ಪ್ರಸಿದ್ಧ ಉದಾಹರಣೆ ಕೆನಡಾದ ಸೇಂಟ್ ಲ್ಯಾಂಬರ್ಟ್‌ನದು. 1965ರಲ್ಲಿ ಅಲ್ಲಿನ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಶಿಶುವಿಹಾರದಿಂದಲೇ ಪೂರ್ತಿ ಫ್ರೆಂಚಿನಲ್ಲಿ ಪಾಠ ನಡೆಸಿದರು, ಫಲವೂ ಸಿಕ್ಕಿತು. ಆದರೆ ಅದು ಶಾಲೆಯ ಹೊತ್ತೆಲ್ಲ ಸಿಕ್ಕ ಭಾಷೆ, ಫ್ರೆಂಚನ್ನು ನೀರು ಕುಡಿದಂತೆ ಮಾತಾಡುವ ಶಿಕ್ಷಕರು ಕೊಟ್ಟದ್ದು. ಅದನ್ನು ತೋರಿಸಿ ನಮ್ಮ 40 ನಿಮಿಷವನ್ನು ಸಮರ್ಥಿಸುವುದು ಹೊಂದುವುದಿಲ್ಲ.

ಹಾಗೆಂದು ಒಂದನೇ ತರಗತಿಯಲ್ಲಿ ಇಂಗ್ಲಿಷ್ ಬೇಡ ಎಂದಲ್ಲ. ಉಚ್ಚಾರ, ಅಂಜಿಕೆ ಇಲ್ಲದ ಬಾಯಿ, ಹೊಸ ಸದ್ದಿಗೆ ಹೊಂದಿಕೊಳ್ಳುವ ಕಿವಿ ಇವು ಚಿಕ್ಕವರಲ್ಲಿ ಚೆನ್ನಾಗಿರುತ್ತವೆ. ಆ ವಯಸ್ಸಿಗೆ ಕೊಡಬೇಕಾದದ್ದು ಕಿವಿಗೆ, ಬಾಯಿಗೆ. ನಾವು ಕೊಡುವುದು ನಾಲ್ಕು ಗೆರೆಯ ಕಾಪಿ ಪುಸ್ತಕ.

ಕನ್ನಡವೇ ಎರಡನೇ ಭಾಷೆಯಾದಾಗ

ಎರಡನೇ ಭಾಷೆ ಎಂದ ಕೂಡಲೇ ಇಂಗ್ಲಿಷ್ ನೆನಪಾಗುತ್ತದೆ. ಆದರೆ 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ರಾಜ್ಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ಉಳಿದ ಮೂರನೇ ಒಂದು ಭಾಗದ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಹಿಂದಿ. ಇಂಥ ಎಷ್ಟೋ ಮಕ್ಕಳು ಕನ್ನಡ ಮಾಧ್ಯಮದ ಒಂದನೇ ತರಗತಿಯಲ್ಲಿ ಕೂತಿದ್ದಾರೆ. ಅವರಿಗೆ ಕನ್ನಡ ಎರಡನೇ ಭಾಷೆ; ಪಠ್ಯಪುಸ್ತಕಕ್ಕೆ ಮಾತ್ರ ಅದು ಪ್ರಥಮ ಭಾಷೆ.

ಇದರಿಂದ ಏನಾಗುತ್ತದೆ ಎಂಬುದನ್ನು ಒಂದೇ ಪದದಲ್ಲಿ ನೋಡಬಹುದು. ಸರ್ಕಾರಿ ಶಾಲೆಗಳ ಆರಂಭದ ತರಗತಿಗಳ ಚಟುವಟಿಕೆ ಪದ್ಧತಿಯಾದ ನಲಿ-ಕಲಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂಬ ಗುಂಪಿನಿಂದ ಶುರು ಮಾಡುತ್ತಾರೆ. ಬರೆಯಲು ಸುಲಭ, ಕೂಡಿಸಿದರೆ ಕೂಡಲೇ ಪದ: ಸರ, ದರ, ಅರಸ, ಅಗಸ, ಗರಗಸ. ಯೋಚನೆ ಬಹಳ ಒಳ್ಳೆಯದು. ಕನ್ನಡದ ಮನೆಯ ಮಗು “ಗ...ರ...ಗ...ಸ” ಎಂದು ತಡವರಿಸಿ ಓದಿ, ಕೊನೆಯ ಅಕ್ಷರಕ್ಕೆ ಬಂದಾಗ ಮುಖ ಅರಳುತ್ತದೆ, ಏಕೆಂದರೆ ಆ ಸದ್ದು ಅದರ ತಲೆಯಲ್ಲಿ ಮೊದಲೇ ಇದೆ. ತಾಂಡಾದಿಂದ ಬಂದ ಮಗು ನಾಲ್ಕೂ ಅಕ್ಷರವನ್ನು ತಪ್ಪಿಲ್ಲದೆ ಓದಿ ಸುಮ್ಮನೆ ಮೇಷ್ಟ್ರ ಮುಖ ನೋಡುತ್ತದೆ. ಓದು ಸರಿ, ಅರ್ಥ ಬರಲಿಲ್ಲ. (ಈಗಿನ ಪೇಟೆಯ ಮಕ್ಕಳಲ್ಲಿ ಅರಸ, ಅಗಸ ಎಂದರೆ ಯಾರು ಎಂದು ಕೇಳುವ ಕನ್ನಡದ ಮಕ್ಕಳೂ ಕಡಿಮೆಯಿಲ್ಲ ಅನ್ನಿ.) ಆ ಮಗುವಿನ ಮೈಲಿಗಲ್ಲು ದಾಟಿತು ಎಂದು ಕಲಿಕಾ ಏಣಿಯಲ್ಲಿ ಗುರುತು ಬೀಳುತ್ತದೆ, ಮೂರನೇ ತರಗತಿಯಲ್ಲಿ “ಓದಲು ಬರುತ್ತದೆ, ಗ್ರಹಿಕೆ ಇಲ್ಲ” ಎಂಬ ದೂರು ಬರುತ್ತದೆ.

ಪರಿಹಾರ ಅಕ್ಷರವನ್ನು ಎರಡು ಮೂರು ತಿಂಗಳು ಮುಂದೂಡುವುದು. ಆ ಅವಧಿಯಲ್ಲಿ ಕನ್ನಡದ ಮಾತು, ಆಟ, ಕಥೆ. ಮುಂದೆ ಓದಲಿರುವ ಪದಗಳ ವಸ್ತು ಅಥವಾ ಚಿತ್ರ ಮೊದಲು ಕೈಗೆ, ಆಮೇಲೆ ಅಕ್ಷರ ಕಣ್ಣಿಗೆ. ಮನೆಮಾತು ಬಲ್ಲ ಅಡುಗೆಯ ಸಹಾಯಕಿಯೋ ಐದನೇ ತರಗತಿಯ ಹುಡುಗಿಯೋ ವಾರಕ್ಕೆರಡು ದಿನ ಕಥೆಯನ್ನು ಎರಡೂ ಭಾಷೆಯಲ್ಲಿ ಹೇಳಿದರೆ ಅದು ಯಾವ ಕಿಟ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಸದ್ದಿನ ತೊಡಕೂ ಮನೆಮಾತಿನ ಪ್ರಕಾರ ಬದಲಾಗುತ್ತದೆ. ಉರ್ದುವಿನಲ್ಲಿ ಳಕಾರವಿಲ್ಲ, “ಹಳ್ಳಿಗೆ ಹೋದೆ” ಎನ್ನುವುದು “ಹಲ್ಲಿಗೆ ಹೋದೆ” ಆಗುತ್ತದೆ. ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದವೂ ಕನ್ನಡದ ಹಾಗಿಲ್ಲ. “ಕೊಡು” ಮತ್ತು “ಕೋಡು” ಒಂದೇ ಕೇಳಿಸುತ್ತದೆ. ಇದು ಅಜಾಗ್ರತೆಯ ತಪ್ಪಲ್ಲ, ಕಿವಿಗೆ ಆ ಗೆರೆ ಇನ್ನೂ ಬಿದ್ದಿಲ್ಲ. ಉಕ್ತಲೇಖನದಲ್ಲಿ ಕೆಂಪು ಶಾಯಿ ಹಾಕಿ ಹತ್ತು ಸಲ ಬರೆಸಿದರೆ ಕೈ ಕಲಿಯುತ್ತದೆಯೇ ಹೊರತು ಕಿವಿಯಲ್ಲ. ಹಲ್ಲಿಯ ಚಿತ್ರ ಒಂದು ಕಡೆ, ಹಳ್ಳಿಯದು ಇನ್ನೊಂದು ಕಡೆ ಇಟ್ಟು, ಮೇಷ್ಟ್ರು ಹೇಳಿದ್ದರ ಕಡೆಗೆ ಮಗು ಓಡಬೇಕು. ಐದು ನಿಮಿಷದ ಆಟ, ವಾರದಲ್ಲಿ ಮೂರು ದಿನ. ಉರ್ದು ಶಾಲೆಯ ಮಗು ಬಲದಿಂದ ಎಡಕ್ಕೆ ಬರೆಯಲು ಕಲಿತು ಕನ್ನಡಕ್ಕೆ ದಿಕ್ಕು ತಿರುಗಿಸಬೇಕು ಎಂಬುದೂ ನೆನಪಿರಲಿ. ಮೊದಲ ವಾರಗಳಲ್ಲಿ ಗೆರೆಯ ಎಡತುದಿಯಲ್ಲಿ ಒಂದು ಚುಕ್ಕೆ ಇಟ್ಟುಕೊಟ್ಟರೆ ಸಾಕು.

ಅಕ್ಷರದ ಹೆಸರು, ಅಕ್ಷರದ ಸದ್ದು

ಇನ್ನು ಇಂಗ್ಲಿಷ್. ಕನ್ನಡ ಓದಲು ಕಲಿತ ಮಗು ಒಂದು ದೊಡ್ಡ ನಂಬಿಕೆಯೊಂದಿಗೆ ಬರುತ್ತದೆ: ಅಕ್ಷರದ ಹೆಸರೇ ಅದರ ಸದ್ದು. “ಮ” ಎಂಬುದರ ಹೆಸರೂ ಮ, ಸದ್ದೂ ಮ. ಹಾಗಾಗಿ ಬೋರ್ಡಿನ ಮೇಲೆ ಬೆಕ್ಕಿನ ಇಂಗ್ಲಿಷ್ ಪದ ಬರೆದು “ಸಿ, ಎ, ಟಿ” ಎಂದು ಓದಿಸಿದರೆ ಮಗುವಿನ ತರ್ಕಕ್ಕೆ ಅದು “ಸಿಎಟಿ” ಆಗಬೇಕು. ಅದು “ಕ್ಯಾಟ್” ಹೇಗಾಯಿತು? ಯಾರೂ ಹೇಳುವುದಿಲ್ಲ. ಮಗು ತೀರ್ಮಾನಕ್ಕೆ ಬರುತ್ತದೆ: ಇಂಗ್ಲಿಷನ್ನು ಓದುವುದಲ್ಲ, ಒಂದೊಂದು ಪದವನ್ನೂ ಚಿತ್ರದಂತೆ ಬಾಯಿಪಾಠ ಮಾಡುವುದು. ಐದನೇ ತರಗತಿಯಲ್ಲಿ ಹೊಸ ಪದ ಕಂಡರೆ ಮೊದಲ ಅಕ್ಷರ ನೋಡಿ ಊಹಿಸುವ ಮಕ್ಕಳು ಹುಟ್ಟುವುದು ಇಲ್ಲಿ.

ಎರಡನೇ ತೊಡಕು ಇನ್ನೂ ಸೂಕ್ಷ್ಮ. ಕನ್ನಡದ ವ್ಯಂಜನದೊಳಗೆ ಅಕಾರ ಅಡಗಿದೆ. “ಬಿ” ಅಕ್ಷರದ ಸದ್ದು ಹೇಳಿಕೊಡಿ ಎಂದರೆ ಮೇಷ್ಟ್ರು “ಬ” ಎನ್ನುತ್ತಾರೆ. ಬ, ಆ್ಯ, ಟ ಕೂಡಿಸಿದರೆ “ಬಆ್ಯಟ”, ಬ್ಯಾಟ್ ಅಲ್ಲ. ಇದಕ್ಕೆ ಮದ್ದು ಕನ್ನಡದಲ್ಲೇ ಇದೆ: ಬ್, ಟ್, ಕ್ ಎಂದು ಅರ್ಧಾಕ್ಷರವಾಗಿ ಹೇಳಿಕೊಡುವುದು. ಕನ್ನಡದ ಬೋರ್ಡಿನಲ್ಲಿ “ಬ”ದ ಅಕಾರ ಕಿತ್ತು “ಬ್” ಮಾಡಿ ತೋರಿಸಿ, ಇಂಗ್ಲಿಷಿನ ಅಕ್ಷರ ಯಾವಾಗಲೂ ಹೀಗೆ ಸ್ವರವಿಲ್ಲದೆ ನಿಂತಿರುತ್ತದೆ, ಸ್ವರ ಪಕ್ಕದಲ್ಲಿ ಬೇರೆಯಾಗಿ ಕೂರುತ್ತದೆ ಎಂದರೆ ಎರಡನೇ ತರಗತಿಯ ಮಗುವಿಗೆ ಹೊಳೆಯುತ್ತದೆ. ಕಾಗುಣಿತ ಬಲ್ಲ ಮಗುವಿಗೆ ಈ ಲಾಭವಿದೆ. ಕನ್ನಡದ ಓದು ಗಟ್ಟಿಯಾಗುವ ಮೊದಲೇ ಇಂಗ್ಲಿಷ್ ಅಕ್ಷರಕ್ಕೆ ದೂಡಿದ ಮಗುವಿಗೆ ಎರಡೂ ಗೋಜಲು. ಕನ್ನಡದ ಅಕ್ಷರಮಾಲೆಯೂ ಬೇಗ ಮುಗಿಯುವ ಕೆಲಸವಲ್ಲ. ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ರೂಪಗಳು; ಹೆಚ್ಚಿನ ಮಕ್ಕಳಿಗೆ ಅವು ಕೈವಶವಾಗುವುದು ನಾಲ್ಕನೇ ತರಗತಿಯ ಹೊತ್ತಿಗೆ.

ಯಾವ ಅಕ್ಷರದಿಂದ ಶುರು? ಎ-ಬಿ-ಸಿ-ಡಿ ಕ್ರಮ ನಿಘಂಟು ನೋಡಲು ಬೇಕು, ಓದಲು ಬೇಡ. ಆ ಕ್ರಮದಲ್ಲಿ ಮೊದಲ ಆರು ಅಕ್ಷರ ಕಲಿತರೆ ಹುಟ್ಟುವ ಪದಗಳು ಬೆರಳೆಣಿಕೆ. ಜೊತೆಗೆ ಬಿ, ಡಿ ಎಂಬ ಕನ್ನಡಿಬಿಂಬಗಳು ಒಟ್ಟಿಗೆ ಬಂದು ವರ್ಷಗಟ್ಟಲೆ ಕಾಡುತ್ತವೆ. ಕನ್ನಡದಲ್ಲಿ ಕನ್ನಡಿಯಲ್ಲಿ ತಿರುಗಿಸಿದರೆ ಇನ್ನೊಂದಾಗುವ ಅಕ್ಷರಗಳಿಲ್ಲ, ಹಾಗಾಗಿ ದಿಕ್ಕಿಗೂ ಅರ್ಥವಿದೆ ಎಂಬುದೇ ಮಗುವಿಗೆ ಹೊಸದು. ಬದಲಿಗೆ ಎಸ್, ಎ, ಟಿ, ಪಿ, ಐ, ಎನ್ ಈ ಆರು ಸಾಕು: ಸಿಟ್, ಪಿನ್, ಟಿನ್, ಟ್ಯಾಪ್, ಪ್ಯಾನ್, ಆ್ಯಂಟ್, ಸ್ಪಿನ್. ವಾರಕ್ಕೆ ಎರಡು ಅಕ್ಷರ, ಚಿಕ್ಕಕ್ಷರ ಮೊದಲು. ಓದುವ ಪುಟದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಚಿಕ್ಕಕ್ಷರಗಳೇ ಇರುವಾಗ ದೊಡ್ಡಕ್ಷರಕ್ಕೆ ಇಡೀ ಒಂದನೇ ತರಗತಿ ಖರ್ಚು ಮಾಡುವ ಪದ್ಧತಿ ಎಲ್ಲಿಂದ ಬಂತೋ.

ಇಂಗ್ಲಿಷ್ ಪದದ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವುದು ಎಲ್ಲ ಗೈಡ್‌ಗಳ ರೂಢಿ. ಮೊದಲ ಎರಡು ವಾರ ಶಿಕ್ಷಕರಿಗೆ ಅದು ಊರುಗೋಲು, ತಪ್ಪಿಲ್ಲ. ಆದರೆ ಮಗುವಿನ ಪುಸ್ತಕದಲ್ಲಿ ಇದ್ದರೆ ಕಣ್ಣು ಕೆಳಗಿನ ಸಾಲಿಗೇ ಹೋಗುತ್ತದೆ. ಮೇಲಿನ ಸಾಲು ಅಲಂಕಾರ. “ವೆಸ್ಟ್” ಎಂದು ಒಂದೇ ರೀತಿ ಬರೆದುಕೊಂಡ ಮೇಲೆ ಬನಿಯನ್ನೂ ಪಶ್ಚಿಮವೂ ಒಂದೇ ಆಗುತ್ತವೆ.

ಹತ್ತು ನಿಮಿಷವನ್ನು ಇಪ್ಪತ್ತೈದು ಮಾಡುವುದು

ಅಕ್ಷರಕ್ಕಿಂತ ಮುಂಚೆ ಕಿವಿ ಎಂದೆವು. ಅದನ್ನು ಮಾಡುವ ಸರಳ ದಾರಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಿಂದ ಬೆಳೆಸಿದ್ದು: ಹೇಳುವುದು, ಮಾಡಿ ತೋರಿಸುವುದು, ಮಕ್ಕಳಿಂದ ಮಾಡಿಸುವುದು. ಮಗು ಬಾಯಿ ಬಿಡಬೇಕಿಲ್ಲ. “ಸ್ಟ್ಯಾಂಡ್ ಅಪ್, ಸಿಟ್ ಡೌನ್” ನಮ್ಮ ಎಲ್ಲ ಶಾಲೆಗಳಲ್ಲೂ ಇದೆ, ಆದರೆ ಅದು ಶಾಲೆಯ ಗಂಟೆಯಂತೆ ಒಂದು ಸಂಕೇತವಾಗಿಬಿಟ್ಟಿದೆ, ಭಾಷೆಯಾಗಿ ಉಳಿದಿಲ್ಲ. ಭಾಷೆಯಾಗಬೇಕಾದರೆ ಪದಗಳು ಜಾಗ ಬದಲಿಸಬೇಕು: “ಪುಟ್ ದ ಬುಕ್ ಆನ್ ದ ಚೇರ್”, “ಪುಟ್ ದ ಬುಕ್ ಅಂಡರ್ ದ ಚೇರ್”, ಆಮೇಲೆ ಯಾರೂ ನಿರೀಕ್ಷಿಸದ “ಪುಟ್ ದ ಬುಕ್ ಆನ್ ಯುವರ್ ಹೆಡ್”. ತರಗತಿ ನಕ್ಕರೆ ಅರ್ಥವಾಗಿದೆ ಎಂದೇ ಲೆಕ್ಕ.

ಇಲ್ಲಿ ತಪ್ಪುವುದು ಒಂದೇ ಕಡೆ. ಮೇಷ್ಟ್ರಿಗೆ ಗೊತ್ತಿಲ್ಲದಂತೆ ಅವರ ಕಣ್ಣು, ಗದ್ದ ಕುರ್ಚಿಯ ಕಡೆ ತಿರುಗಿರುತ್ತದೆ. ಮಗು ಕೇಳುವುದು ಪದವನ್ನಲ್ಲ, ಆ ಗದ್ದವನ್ನು. ಮೂರನೇ ಸಲಕ್ಕೆ ಕೈ ಹಿಂದೆ ಕಟ್ಟಿ, ಕಿಟಕಿ ನೋಡುತ್ತಾ ಹೇಳಿ ನೋಡಬೇಕು. ಅರ್ಧ ತರಗತಿ ತಡಬಡಾಯಿಸಿದರೆ ಆ ಪದ ಇನ್ನೂ ಬಂದಿಲ್ಲ.

ಪದಗಳೆಷ್ಟು? ವಾರಕ್ಕೆ ಏಳು. 40 ವಾರಕ್ಕೆ 280, ಐದು ವರ್ಷಕ್ಕೆ 1,400. ಪುಟ್ಟ ಕಥೆ ಓದಲು ಇಷ್ಟು ಧಾರಾಳ. ಷರತ್ತು ಏನೆಂದರೆ ಪ್ರತಿ ಪದವೂ ಬೇರೆ ಬೇರೆ ದಿನ, ಬೇರೆ ಬೇರೆ ವಾಕ್ಯದಲ್ಲಿ ಎಂಟು-ಹತ್ತು ಸಲವಾದರೂ ಎದುರಾಗಬೇಕು. ಇವತ್ತು ಹನ್ನೆರಡು ಹಣ್ಣು, ನಾಳೆ ಹನ್ನೆರಡು ಪ್ರಾಣಿ ಎಂಬ ಪಟ್ಟಿಗಳು ನೋಡಲು ಚೆಂದ, ಕಲಿಯಲು ಕೆಟ್ಟವು. ಒಂದೇ ಜಾತಿಯ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟರೆ ಒಂದು ಇನ್ನೊಂದನ್ನು ಕಲಕುತ್ತದೆ ಎಂದು ಪದಕಲಿಕೆಯ ಪ್ರಯೋಗಗಳು ತೋರಿಸಿವೆ. ಲೆಫ್ಟ್-ರೈಟ್ ಒಂದೇ ದಿನ, ಟ್ಯೂಸ್‌ಡೇ-ಥರ್ಸ್‌ಡೇ ಒಂದೇ ದಿನ ಕಲಿತವರು ದೊಡ್ಡವರಾದರೂ ಒಂದು ಕ್ಷಣ ತಡೆಯುತ್ತಾರಲ್ಲ. ಅನಾನಸ್, ಜಿರಾಫೆಗಿಂತ ಗಿವ್, ಟೇಕ್, ಪುಟ್, ಬಿಗ್, ಅಂಡರ್, ಮೈ, ವೇರ್ ಮೊದಲು ಬರಲಿ. ಇವು ಕೂಡಿಕೊಂಡು ವಾಕ್ಯವಾಗುತ್ತವೆ. ಹಣ್ಣುಗಳು ಕೂಡಿದರೆ ಬುಟ್ಟಿ ಮಾತ್ರ.

ಒಂದು ವಾರದ ಕೆಲಸವನ್ನು ಹತ್ತಿರದಿಂದ ನೋಡೋಣ. ಒಂದು ಚಿತ್ರ: ಮರ, ಮರದ ಕೆಳಗೆ ನಾಯಿ, ಗೋಡೆ ಮೇಲೆ ಹುಡುಗಿ, ಕೈಯಲ್ಲಿ ಚೆಂಡು. ಆರು ವಾಕ್ಯದ ಕಥೆ: ಚೆಂಡು ಬೀಳುತ್ತದೆ, ನಾಯಿ ಎತ್ತಿಕೊಳ್ಳುತ್ತದೆ, ಹುಡುಗಿ “ಗಿವ್ ಮಿ ಮೈ ಬಾಲ್” ಎನ್ನುತ್ತಾಳೆ, ನಾಯಿ ಓಡುತ್ತದೆ. ಸೋಮವಾರ ಕಥೆಯ ಸಾರ ಒಂದು ನಿಮಿಷ ಕನ್ನಡದಲ್ಲಿ, ಆಮೇಲೆ ಚಿತ್ರ ಮುಟ್ಟುತ್ತಾ ಇಂಗ್ಲಿಷಿನಲ್ಲಿ ಮೂರು ಸಲ. ಮಂಗಳವಾರ ಮೇಷ್ಟ್ರು ಬೇಕೆಂದೇ ತಪ್ಪು ಹೇಳಬೇಕು, “ದ ಕ್ಯಾಟ್ ಈಸ್ ಅಂಡರ್ ದ ಟ್ರೀ”, ಮಕ್ಕಳು “ನೋ! ಡಾಗ್!” ಎಂದು ಕೂಗಿ ಹಿಡಿಯಬೇಕು. ಈ ಕೂಗಿನಲ್ಲಿ ಮೂಲೆಯ ಬೆಂಚಿನ ಮಗುವೂ ಬಾಯಿ ಬಿಡುತ್ತದೆ. ಬುಧವಾರ ಮೂವರು ಅಭಿನಯಿಸುತ್ತಾರೆ, ಉಳಿದವರು ಹೇಳುತ್ತಾರೆ. ಗುರುವಾರ ಮೊದಲ ಬಾರಿ ಬರಹ: ಆರು ವಾಕ್ಯಗಳ ಆರು ಕಾಗದದ ಪಟ್ಟಿ, ನಾಲ್ವರಿಗೊಂದು ಕಂತೆ, ಕ್ರಮಕ್ಕೆ ಜೋಡಿಸಬೇಕು. ಶುಕ್ರವಾರ ಒಂದು ವಾಕ್ಯದಲ್ಲಿ ಒಂದೇ ಪದ ಬದಲಿಸಿ ತಮ್ಮದೇ ವಾಕ್ಯ ಬರೆಯುತ್ತಾರೆ, ಚಿತ್ರದ ಸಮೇತ. ಐದು ದಿನಕ್ಕೆ ಒಂದೇ ಪುಟ ಆಯಿತೇ, ಪಠ್ಯ ಮುಗಿಯುವುದು ಯಾವಾಗ ಎಂದು ಮುಖ್ಯೋಪಾಧ್ಯಾಯರು ಕೇಳಬಹುದು. ಆ ಒಂದು ಪುಟವನ್ನು ಮಗು ಮುಂದಿನ ವರ್ಷವೂ ಹೇಳಬಲ್ಲದು ಎಂಬುದೇ ಅದಕ್ಕೆ ಉತ್ತರ.

ಈ ಎಲ್ಲದರಲ್ಲಿ ಕನ್ನಡಕ್ಕೆ ನಿಷೇಧವಿಲ್ಲ ಎಂಬುದನ್ನು ಗಮನಿಸಿ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ. ಅಲ್ಲಿ ಮಕ್ಕಳು ಇಂಗ್ಲಿಷ್ ಆಡುವುದಿಲ್ಲ, ಮೌನವಾಗುತ್ತಾರೆ. ಅದಕ್ಕೆ ವಿರುದ್ಧದ ತಪ್ಪು ಸಾಲುಸಾಲಾಗಿ ಅನುವಾದಿಸುವುದು: “ದಿಸ್ ಈಸ್ ಎ ಟ್ರೀ, ಅಂದ್ರೆ ಇದು ಒಂದು ಮರ”. ಕನ್ನಡ ಬರುತ್ತದೆಂದು ಗೊತ್ತಿದ್ದ ಮೇಲೆ ಇಂಗ್ಲಿಷನ್ನು ಕೇಳುವ ಹಂಗೇಕೆ? ಕನ್ನಡ ಮೊದಲು ಒಂದು ನಿಮಿಷ, ಕಥೆ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಲು. ಕೊನೆಗೆ ಒಂದು ನಿಮಿಷ, ಅನುಮಾನ ತೀರಿಸಲು.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಇನ್ನೊಂದು ಕಲೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಗಡಿಯಾರ ಹಿಡಿದು ನೋಡಿದಾಗ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಕೈ ಎತ್ತಿದರು. ಅದು ಸ್ವಂತ ಭಾಷೆಯಲ್ಲಿ. ಎರಡನೇ ಭಾಷೆಗೆ ಐದು ಬೇಕು. ಮನಸ್ಸಿನಲ್ಲೇ ಐದು ಎಣಿಸಿ ನೋಡಿದರೆ ಅದೆಷ್ಟು ದೀರ್ಘ ಎಂದು ತಿಳಿಯುತ್ತದೆ.

ನೋಟ್‌ಬುಕ್ಕಿನ ತಪ್ಪು ಏನು ಹೇಳುತ್ತದೆ

ನಾಲ್ಕನೇ ತರಗತಿಯ ಬರಹದಲ್ಲಿ ಪದೇ ಪದೇ ಕಾಣುವ ಮೂರು ಸಾಲುಗಳು ಹೀಗಿರುತ್ತವೆ: “ಮೈ ಫಾದರ್ ಫಾರ್ಮರ್”. “ಟು ಮಿ ಟೂ ಬ್ರದರ್ಸ್”. “ಟೇಬಲ್ ಆನ್ ಬುಕ್”. ಕೆಂಪು ಪೆನ್ನಿಗೆ ಮೂರೂ ತಪ್ಪು. ಆದರೆ ಒಳಗೆ ಕನ್ನಡ ಎಷ್ಟು ನಿಖರವಾಗಿ ಕೂತಿದೆ ನೋಡಿ. “ನಮ್ಮಪ್ಪ ರೈತ” ಎಂಬುದಕ್ಕೆ ಕನ್ನಡದಲ್ಲಿ ಕ್ರಿಯಾಪದ ಬೇಕಿಲ್ಲ, ಹಾಗಾಗಿ “ಈಸ್” ಹೋಯಿತು. “ನನಗೆ ಇಬ್ಬರು ಅಣ್ಣಂದಿರು” ಎನ್ನುವಾಗ ಕರ್ತೃವಿನ ಜಾಗದಲ್ಲಿ ಚತುರ್ಥಿ ವಿಭಕ್ತಿ ಇದೆ, “ಹ್ಯಾವ್” ಎಂಬ ಮಾತೇ ಕನ್ನಡದಲ್ಲಿಲ್ಲ. “ಮೇಜಿನ ಮೇಲೆ ಪುಸ್ತಕ”ದಲ್ಲಿ “ಮೇಲೆ” ಎಂಬುದು ನಾಮಪದ ಆದಮೇಲೆ ಬರುತ್ತದೆ, ಇಂಗ್ಲಿಷಿನಲ್ಲಿ ನಾಮಪದಕ್ಕಿಂತ ಮೊದಲು. ಮಗು ಯೋಚಿಸಿದೆ, ಪದ ಹುಡುಕಿದೆ, ಕನ್ನಡದ ಅಚ್ಚಿನಲ್ಲಿ ಎರಕ ಹೊಯ್ದಿದೆ. ಗೈಡಿನಿಂದ ತಪ್ಪಿಲ್ಲದೆ ಇಳಿಸಿದ ಹತ್ತು ಸಾಲಿಗಿಂತ ಈ ಮೂರು ಸಾಲು ಎಷ್ಟೋ ಮೇಲು.

ಇನ್ನೊಂದು ಬಗೆಯ ತಪ್ಪು “ಹಿ ಗೋಡ್”, ಅಂದರೆ “ಗೋ”ಗೆ “ಎಡ್” ಅಂಟಿಸಿದ್ದು. ಇದಕ್ಕೆ ಕನ್ನಡ ಕಾರಣವಲ್ಲ. ಇಂಗ್ಲಿಷ್ ಮನೆಯ ಪುಟಾಣಿಗಳೂ ಹೀಗೇ ಅನ್ನುತ್ತಾರೆ. ಭೂತಕಾಲಕ್ಕೆ ನಿಯಮವಿದೆ ಎಂದು ಮಗುವಿಗೆ ಹೊಳೆದಿದೆ, ಅಪವಾದ ಇನ್ನೂ ಸಿಕ್ಕಿಲ್ಲ. ಇದನ್ನು ತಿದ್ದುವ ಹದ: “ಓಹೋ, ಹಿ ವೆಂಟ್ ಟು ದ ಮಾರ್ಕೆಟ್?” ಎಂದು ಸರಿಯಾದ ರೂಪವನ್ನು ಮಾತಿನಲ್ಲೇ ವಾಪಸು ಕೊಟ್ಟು ಮುಂದೆ ಹೋಗುವುದು. ಬರಹದಲ್ಲಾದರೆ ಒಂದು ವಾರ ಒಂದೇ ಬಗೆಯ ತಪ್ಪಿಗೆ ಗುರುತು. ಈ ವಾರ “ಈಸ್” ಬಿಟ್ಟದ್ದು ಮಾತ್ರ. ಎಲ್ಲವನ್ನೂ ತಿದ್ದಿದ ಪುಟ ಮಗುವಿಗೆ ಹೇಳುವುದು “ನಿನಗೆ ಬರುವುದಿಲ್ಲ” ಎಂದಷ್ಟೇ.

ಶಿಕ್ಷಕರಿಗೇ ಇಂಗ್ಲಿಷ್ ಅಳುಕಿದ್ದರೆ?

ಈ ಪ್ರಶ್ನೆಗೆ ಬೆಂಗಳೂರಿನಲ್ಲೇ ಒಂದು ಹಳೆಯ ಉತ್ತರವಿದೆ, ನಾವೇ ಮರೆತಿದ್ದೇವೆ. 1979ರಿಂದ 1984ರವರೆಗೆ ಭಾಷಾ ಶಿಕ್ಷಣ ತಜ್ಞ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ ನಡೆಸಿದ ಪ್ರಯೋಗ ಪ್ರಪಂಚದಾದ್ಯಂತ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಯಿತು. ವ್ಯಾಕರಣದ ಪಾಠವಿಲ್ಲ, ಬಾಯಿಪಾಠವಿಲ್ಲ. ಒಂದು ರೈಲು ವೇಳಾಪಟ್ಟಿ, ಒಂದು ನಕ್ಷೆ. ಅದರ ಮೇಲೆ ಬಿಡಿಸಬೇಕಾದ ಸಮಸ್ಯೆ. ಮೊದಲು ಇಡೀ ತರಗತಿಯ ಜೊತೆ ಮೇಷ್ಟ್ರು ಒಂದನ್ನು ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಗು ತಾನೇ. ಗಮನವೆಲ್ಲ ಉತ್ತರದ ಮೇಲೆ, ಭಾಷೆ ಬೆನ್ನಹಿಂದೆ ಸೇರಿಕೊಳ್ಳುತ್ತದೆ. ಕಷ್ಟದ ಮಟ್ಟಕ್ಕೆ ಪ್ರಭು ಇಟ್ಟ ಅಳತೆ ಇವತ್ತಿಗೂ ಬಳಸಬಹುದು: ತರಗತಿಯ ಅರ್ಧದಷ್ಟು ಮಕ್ಕಳಿಗಾದರೂ ಕೆಲಸದ ಅರ್ಧದಷ್ಟಾದರೂ ಸರಿ ಬರಬೇಕು. ಎಲ್ಲರಿಗೂ ಎಲ್ಲವೂ ಬಂದರೆ ಅದು ಸುಲಭವಾಯಿತು, ಕಲಿಕೆಯಿಲ್ಲ.

ಐದನೇ ತರಗತಿಗೆ ಇದು ಹೀಗೆ ಕಾಣಬಹುದು: ಹಾಸನ, ಅರಸೀಕೆರೆ, ತುಮಕೂರು, ಬೆಂಗಳೂರು ಎಂಬ ನಾಲ್ಕು ನಿಲ್ದಾಣ, ಮೂರು ಕಾಲ್ಪನಿಕ ಬಸ್ಸುಗಳ ಸಮಯ. “ವಿಚ್ ಬಸ್ ರೀಚಸ್ ಬೆಂಗಳೂರು ಬಿಫೋರ್ ಟೆನ್?” ಉತ್ತರ ಒಂದೇ ಪದ, ಆದರೆ ಅದಕ್ಕೆ ಇಡೀ ಪಟ್ಟಿ ಓದಬೇಕು. ಮೇಷ್ಟ್ರಿಗೆ ಬೇಕಾದ ಇಂಗ್ಲಿಷ್ ಹತ್ತು ಹನ್ನೆರಡು ವಾಕ್ಯ. ಒಟ್ಟಾರೆ ಪ್ರಾಥಮಿಕ ಹಂತಕ್ಕೆ ಎಂಬತ್ತು ತರಗತಿ ವಾಕ್ಯಗಳು, “ಹೂ ಹ್ಯಾಸ್ ಫಿನಿಷ್ಡ್?”, “ಶೋ ಮಿ”, “ಟ್ರೈ ಅಗೇನ್” ಇಂಥವು, ಸರಾಗವಾಗಿ ಬಂದರೆ ಪಾಠ ನಡೆಯುತ್ತದೆ. ತರಬೇತಿಗಳು ಎಡವುವುದು ಇಲ್ಲೇ. ಶಿಕ್ಷಕರ ವ್ಯಾಕರಣ ತಿದ್ದಲು ದಿನಗಟ್ಟಲೆ ಹೋಗುತ್ತದೆ, ಸೋಮವಾರ ಬೆಳಗ್ಗೆ ಏನು ಮಾಡಬೇಕು ಎಂಬುದಕ್ಕೆ ಕೊನೆಯ ದಿನದ ಮಧ್ಯಾಹ್ನ.

ಒಂದರಿಂದ ಮೂರನೇ ತರಗತಿ ಒಂದೇ ಕೋಣೆಯಲ್ಲಿರುವ ನಲಿ-ಕಲಿ ಶಾಲೆಗಳಲ್ಲಿ ಕಷ್ಟ ಬೇರೆ. ಅಲ್ಲಿ ಕಥೆ ಮೂವರಿಗೂ ಒಂದೇ ಇರಲಿ, ಕೆಲಸ ಬೇರೆಯಿರಲಿ: ಒಂದನೆಯವರು ಚಿತ್ರ ತೋರಿಸುತ್ತಾರೆ, ಎರಡನೆಯವರು ಪದದ ಚೀಟಿ ಹೊಂದಿಸುತ್ತಾರೆ, ಮೂರನೆಯವರು ವಾಕ್ಯ ಬರೆಯುತ್ತಾರೆ.

ಇಂಗ್ಲಿಷ್ ಮಾಧ್ಯಮದ ವಿಭಾಗಗಳ ಅಪಾಯವೊಂದನ್ನು ಹೇಳಲೇಬೇಕು. ಕೆನಡಾದ ಭಾಷಾ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಷ್ಟು ಹಿಂದೆಯೇ ಎರಡು ಬಗೆಯ ಭಾಷಾಬಲವನ್ನು ಬೇರ್ಪಡಿಸಿ ತೋರಿಸಿದರು. ಸುತ್ತಲೂ ಆ ಭಾಷೆಯೇ ಇರುವ ಕಡೆ ಆಡುಮಾತು ಎರಡು ವರ್ಷದಲ್ಲಿ ಬರುತ್ತದೆ. ಪಠ್ಯದ ಭಾಷೆಗೆ ಐದರಿಂದ ಏಳು ವರ್ಷ. “ಮೇ ಐ ಕಮ್ ಇನ್” ಎಂದು ಪಟಪಟ ಹೇಳುವ ಮಗುವನ್ನು ನೋಡಿ ಪೋಷಕರು ಹಿಗ್ಗುತ್ತಾರೆ, ಅದೇ ಮಗುವಿಗೆ ಗಣಿತದ “ಹೌ ಮೆನಿ ಆರ್ ಲೆಫ್ಟ್” ಎಂದರೆ ಎಡಗಡೆ ಎಷ್ಟಿವೆ ಎಂದೇ ಕೇಳಿಸುತ್ತದೆ. ಭಾಗಾಕಾರ ಬರುವುದಿಲ್ಲ ಎಂದು ಅಂಕ ಕಳೆಯುತ್ತೇವೆ. ಕನ್ನಡದಲ್ಲಿ ಕಡ್ಡಿ ಹಂಚಿಸಿ, ಮಿಕ್ಕಿದ್ದೆಷ್ಟು ಎಂದು ಕೇಳಿ, ಅರ್ಥವಾದ ಮೇಲೆ ಇಂಗ್ಲಿಷ್ ಹೆಸರು ಅಂಟಿಸಿದರೆ ಎರಡೂ ಉಳಿಯುತ್ತವೆ. “ಮಿಕ್ಕಿದ್ದು” ಎಂದೇ ಹೇಳಿ. “ಶೇಷ” ಎಂಬುದು ಹಳ್ಳಿಯ ಮಗುವಿಗೆ ಇಂಗ್ಲಿಷಿನಷ್ಟೇ ದೂರ.

ಉಳಿದದ್ದು ಪರೀಕ್ಷೆ. ಭಾಷೆಯ ಪರೀಕ್ಷೆ ಪೂರ್ತಿ ಬರಹದ್ದಾದರೆ ತರಗತಿಯೂ ಬರಹದ್ದೇ ಆಗುತ್ತದೆ. ಮೇಲಿನದ್ದೆಲ್ಲ ಜುಲೈನಲ್ಲಿ ನಡೆದು ಸೆಪ್ಟೆಂಬರಿನಲ್ಲಿ ನಿಲ್ಲುತ್ತದೆ. ಮಾತಿನ ಪರೀಕ್ಷೆಗೆ ಸಮಯವಿಲ್ಲ ಎಂಬುದು ಸಾಮಾನ್ಯ ನೆಪ. ಮಗುವಿಗೆ ಮೂರು ನಿಮಿಷ, ದಿನಕ್ಕೆ ಆರು ಮಕ್ಕಳು. ಮೂವತ್ತು ಮಕ್ಕಳ ತರಗತಿ ಒಂದು ವಾರದಲ್ಲಿ ಮುಗಿಯುತ್ತದೆ, ಉಳಿದವರು ಆ ಹದಿನೆಂಟು ನಿಮಿಷ ವಾಕ್ಯದ ಪಟ್ಟಿ ಜೋಡಿಸುತ್ತಿರಲಿ. ನೋಡಬೇಕಾದದ್ದು ನಾಲ್ಕು: ಕಲಿಸದ ಹೊಸ ಜೋಡಣೆಯ ಎರಡು ಆಜ್ಞೆ ಪಾಲಿಸುತ್ತದೆಯೇ, ಚಿತ್ರದ ಬಗ್ಗೆ ಎರಡು ವಾಕ್ಯ ಹೇಳುತ್ತದೆಯೇ, ಹಿಂದೆ ಕಾಣದ ನಾಲ್ಕು ಪದಗಳನ್ನು ಸದ್ದು ಕೂಡಿಸಿ ಓದುತ್ತದೆಯೇ, ಮೇಷ್ಟ್ರಿಗೇ ಒಂದು ಪ್ರಶ್ನೆ ಕೇಳುತ್ತದೆಯೇ. ನಾಲ್ಕನೆಯದಕ್ಕೆ ಹೆಚ್ಚಿನ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಅಲ್ಲಿಯವರೆಗೆ ಪ್ರಶ್ನೆ ಕೇಳಿದ್ದೆಲ್ಲ ಮೇಷ್ಟ್ರೇ.